ಇಲ್ಲ, ಅಲ್ಲ, ಬಾರದು, ಕೂಡದು

ಕೃಷ್ಣೆ ಏರುತ್ತಿದ್ದಳು. 2019ರ ಆಗಸ್ಟ್ ತಿಂಗಳು. ಕಾಗವಾಡ ತಾಲ್ಲೂಕಿನ ಜುಗೂಳದಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲಿ ಸಾಮಾನು ಕಟ್ಟುವ ಗಡಿಬಿಡಿ. ಹೊಳೆಯ ಆಚೆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ, ಈಚೆ ದಂಡೆಗೆ ಕರ್ನಾಟಕದ ಜುಗೂಳ. ನೀರಿಗೆ ಮಾತ್ರ ಗಡಿಯ ಗೊಡವೆ ಇಲ್ಲ. 2005ರ ಮಹಾಪೂರ ಕಂಡಿದ್ದ ಹಿರಿಯರಿಗೆ ನೀರು ಯಾವ ಗೋಡೆಯ ತನಕ ಬರಬಹುದೆಂಬ ಅಂದಾಜಿತ್ತು. ದನಗಳ ಕಣ್ಣಿ ಬಿಚ್ಚಿದರು, ಜೋಳದ ಚೀಲಗಳನ್ನು ಅಟ್ಟಕ್ಕೇರಿಸಿದರು, ಹೊಲದ ಕಾಗದಪತ್ರಗಳ ಟ್ರಂಕನ್ನು ಟ್ರ್ಯಾಕ್ಟರಿಗೆ ಹೇರಿದರು.

ಆ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದವ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಹೊತ್ತು ಒಯ್ಯುವುದು ಆಗದ ಮಾತು. ಅದರಲ್ಲಿದ್ದ ಫೋಟೋಗಳನ್ನಾದರೂ ಉಳಿಸೋಣವೆಂದು ಒಂದು ಪೆನ್ ಡ್ರೈವ್ ಚುಚ್ಚಿದ. ಅವೇನು ಸಾಮಾನ್ಯ ಫೋಟೋಗಳಲ್ಲ. ಮನೆಯ ಆಲ್ಬಮ್ಮು 2005ರ ನೀರಿನಲ್ಲಿ ನೆನೆದು ಹಾಳಾಗುವ ಮೊದಲು ಹೇಗೋ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿದ್ದವು. ಅಜ್ಜನ ಮುಖ ಇದ್ದದ್ದು ಅಲ್ಲಿ ಮಾತ್ರ. ಪರದೆಯ ಮೇಲಿನ ಹಸಿರು ಪಟ್ಟಿ ಈ ತುದಿಯಿಂದ ಆ ತುದಿಗೆ ಓಡಿತು, ಮಾಯವಾಯಿತು. ಹುಡುಗ ಪೆನ್ ಡ್ರೈವ್ ಕಿತ್ತು ಕಿಸೆಗೆ ಹಾಕಿಕೊಂಡ.

ಅಥಣಿಯಲ್ಲಿ ಬೀಗರ ಮನೆಯಲ್ಲಿ ತೆರೆದು ನೋಡಿದರೆ ಕಡತಗಳ ಹೆಸರುಗಳೆಲ್ಲ ಸಾಲಾಗಿ ಇದ್ದವು. ಒಳಗೆ ಅರ್ಧಕ್ಕಿಂತ ಹೆಚ್ಚಿನವು ಖಾಲಿ. ನೀರು ಇಳಿದ ಮೇಲೆ ಊರಿಗೆ ಹೋದಾಗ ಕಂಪ್ಯೂಟರಿನ ಪೆಟ್ಟಿಗೆಯ ತುಂಬ ರಾಡಿ.

‘ಕಾಕಾ, ಕಾಪಿ ಆಗೇತಿ ಅಂತ ತೋರಿಸಿತ್ತರಿ. ಎರರ್ ಬಂದಿದ್ರ ನಾ ಹಂಗ ಬಿಟ್ಟು ಬರ್ತಿದ್ನೇನು?’ ಎಂದು ಹುಡುಗ ನನ್ನನ್ನು ಕೇಳಿದ. ಅವನ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ‘ಎರರ್’ ಬಂದರೆ ಶಪಿಸುವವರೇ ನಾವೆಲ್ಲ. ಬರಬೇಕಾದ ಎರರ್ ಬರಲಿಲ್ಲವೆಂದು ಕೊರಗುವವನನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಈ ವಿಷಯದ ಬೆನ್ನು ಹತ್ತಿದೆ. ಕಂಪ್ಯೂಟರ್ ಯಾವಾಗ ‘ಇಲ್ಲ’ ಎನ್ನುತ್ತದೆ, ಹೇಗೆ ಎನ್ನುತ್ತದೆ, ಎನ್ನಬೇಕಾದಾಗ ಯಾಕೆ ಸುಮ್ಮನಿರುತ್ತದೆ?

‘ಆಯಿತು’ ಎಂದರೆ ಏನು?

ಕಂಪ್ಯೂಟರಿನಲ್ಲಿ ನಾವು ಬರೆದದ್ದು, ತೆಗೆದ ಚಿತ್ರ, ಲೆಕ್ಕ ಎಲ್ಲವೂ ಕಡತಗಳಾಗಿ ಡಿಸ್ಕಿನಲ್ಲಿ ಕೂರುತ್ತವೆ. ಯಾವ ಕಡತ ಎಲ್ಲಿದೆ, ಅದರ ಹೆಸರೇನು, ಗಾತ್ರವೆಷ್ಟು, ಯಾರು ತೆರೆಯಬಹುದು ಎಂಬ ದಫ್ತರು ನೋಡಿಕೊಳ್ಳುವ ತಂತ್ರಾಂಶಕ್ಕೆ ಕಡತ ವ್ಯವಸ್ಥೆ ಎಂದು ಹೆಸರು. ನಮ್ಮ ಊರ ಶಾನುಭೋಗರಿದ್ದಂತೆ ಎನ್ನಿ. ಅದರ ಮೇಲೊಬ್ಬ ಯಜಮಾನ, ಕರ್ನೆಲ್. ನಾವು ಬಳಸುವ ತಂತ್ರಾಂಶಗಳು ಶಾನುಭೋಗರನ್ನು ನೇರವಾಗಿ ಮಾತಾಡಿಸುವುದಿಲ್ಲ. ಯಜಮಾನನಿಗೆ ಅರ್ಜಿ ಕೊಡುತ್ತವೆ, ಯಜಮಾನ ಕೆಳಗೆ ಕಳಿಸುತ್ತಾನೆ.

‘ಇದನ್ನು ಬರೆ’ ಎಂದು ಅರ್ಜಿ ಕೊಟ್ಟರೆ ಲಿನಕ್ಸಿನ ಕರ್ನೆಲ್ ಮಾಹಿತಿಯನ್ನು ತನ್ನ ನೆನಪಿನ ಜೇಬಿಗೆ ಹಾಕಿಕೊಂಡು ತಕ್ಷಣ ‘ಆಯಿತು’ ಎನ್ನುತ್ತದೆ. ಡಿಸ್ಕಿಗೆ ಇಳಿಸುವುದು ಆಮೇಲೆ, ಸಾಮಾನ್ಯವಾಗಿ 30 ಸೆಕೆಂಡು ಹಳೆಯದಾದ ಮೇಲೆ. ಪೆನ್ ಡ್ರೈವ್ ನಿಧಾನದ್ದಾದರೆ ಇನ್ನೂ ಹೊತ್ತು. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದಂತೆ ಇದು. ಹಾಕಿದ್ದಾಯಿತು, ಮುಟ್ಟಿದೆಯೆಂದು ಅರ್ಥವಲ್ಲ. ಮುಟ್ಟಿದ್ದನ್ನು ಖಚಿತಪಡಿಸಿಕೊಳ್ಳಲು ‘ಎಫ್‌ಸಿಂಕ್’ ಎಂಬ ಬೇರೆ ಅರ್ಜಿಯೇ ಇದೆ, ರಿಜಿಸ್ಟರ್ಡ್ ಅಂಚೆಯ ಮುಟ್ಟಿದ ರಸೀದಿಯ ಹಾಗೆ. ನಮ್ಮ ಹುಡುಗ ಬಳಸುತ್ತಿದ್ದುದು ಲಿನಕ್ಸ್. ಅವನು ಕಂಡ ಹಸಿರು ಪಟ್ಟಿ ಡಬ್ಬಿಗೆ ಹಾಕಿದ್ದರ ಲೆಕ್ಕ. ರಸೀದಿಯನ್ನು ಯಾರೂ ಕೇಳಿರಲೇ ಇಲ್ಲ.

ಇಷ್ಟಾದರೆ ಎಚ್ಚರಗೇಡಿತನದ ಕತೆ ಎನ್ನಬಹುದು. ಆದರೆ ರಸೀದಿ ಕೇಳಿದಾಗಲೂ ಸುಳ್ಳು ರಸೀದಿ ಸಿಗುವ ಸಂದರ್ಭಗಳಿವೆ. ಅದನ್ನು ತಿಳಿಯಬೇಕಾದರೆ ಗಣಕದ ನಿರಾಕರಣೆಗಳ ಬಗೆಗಳನ್ನು ನೋಡಬೇಕು.

ಕನ್ನಡದ ಸಿರಿವಂತಿಕೆ

ಅರ್ಜಿ ಪೂರೈಸಲಾಗದಿದ್ದರೆ ಕರ್ನೆಲ್ ಒಂದು ಸಂಖ್ಯೆ ಹಿಂದಿರುಗಿಸುತ್ತದೆ. ಅದೇ ದೋಷ ಸಂಖ್ಯೆ. ಪ್ರತಿ ಸಂಖ್ಯೆಗೂ ಒಂದು ಇಂಗ್ಲಿಷ್ ವಾಕ್ಯ ಗಂಟು ಬಿದ್ದಿದೆ: ಆಪರೇಶನ್ ನಾಟ್ ಪರ್ಮಿಟೆಡ್, ಆಪರೇಶನ್ ನಾಟ್ ಸಪೋರ್ಟೆಡ್, ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್. ಎಲ್ಲದರಲ್ಲೂ ಅದೇ ‘ನಾಟ್’. ಅವಸರದಲ್ಲಿ ಓದುವವನಿಗೆ ಮೂರೂ ಒಂದೇ.

ಕನ್ನಡದಲ್ಲಿ ಹಾಗಲ್ಲ. ನಮ್ಮಲ್ಲಿ ಒಂದೊಂದು ನಿರಾಕರಣೆಗೆ ಒಂದೊಂದು ಕ್ರಿಯಾಪದವೇ ಇದೆ. ವಸ್ತು ಇರದಿದ್ದರೆ ‘ಇಲ್ಲ’: ಲಿನಕ್ಸಿನಲ್ಲಿ ಅದು 2ನೇ ಸಂಖ್ಯೆ, ಕೇಳಿದ ಕಡತವೇ ಇಲ್ಲ. ಇದ್ದರೂ ನೀವು ಮುಟ್ಟುವ ಹಾಗಿಲ್ಲದಿದ್ದರೆ ‘ಕೂಡದು’: ಸಂಖ್ಯೆ 1. ಡಿಸ್ಕಿನಲ್ಲಿ ಜಾಗ ತೀರಿದರೆ ‘ಸಾಲದು’: ಸಂಖ್ಯೆ 28. ಕೇಳಿದ ರೀತಿಯೇ ತಪ್ಪಿದ್ದರೆ ‘ಹಾಗಲ್ಲ’: ಸಂಖ್ಯೆ 22. ಕೆಲಸವನ್ನೇ ಅರಿಯದಿದ್ದರೆ ‘ಬಾರದು’, ನಮ್ಮ ಕಡೆಯ ಮಾತಿನಲ್ಲಿ ‘ಬರಂಗಿಲ್ಲ’: ಸಂಖ್ಯೆ 38. ಕೆಲಸ ಗೊತ್ತಿದ್ದೂ ಇಲ್ಲಿ, ಇದರ ಮೇಲೆ ಮಾಡಲು ಬಾರದಿದ್ದರೆ ‘ಆಗದು’, ಅಂದರೆ ‘ಆಗಂಗಿಲ್ಲ’: ಸಂಖ್ಯೆ 95. ಹೀಗೆ ಕನ್ನಡದವರ ಅಡುಗೆಮನೆಯಲ್ಲಿ ದಿನವೂ ಬಳಕೆಯಾಗುವ ಭೇದಗಳನ್ನೇ ಗಣಕ ವಿಜ್ಞಾನಿಗಳು ಅಂಕಿ ಹಾಕಿ ಇಟ್ಟುಕೊಂಡಿದ್ದಾರೆ. ಭೇದ ಮರೆತು ಒಂದರ ಬದಲು ಇನ್ನೊಂದು ಹೇಳಿದಾಗ ಫಜೀತಿ ಶುರು.

38 ಮತ್ತು 95ರ ನಡುವಿನ ಗೆರೆ ತೀರ ತೆಳ್ಳಗಿದೆ. ಕೆಲಸಗಾರರೂ ಇಲ್ಲಿ ಎಡವುತ್ತಾರೆ. ಜುಗೂಳದ ದಂಡೆಯಲ್ಲಿ ಅಂಬಿಗನನ್ನು ‘ಆಚೆ ದಂಡೆಗೆ ಮೋಟರ್ ಸೈಕಲ್ ದಾಟಿಸ್ತೀಯೇನಪ್ಪಾ?’ ಎಂದು ಕೇಳಿದಿರಿ ಎಂದುಕೊಳ್ಳಿ. ‘ನಮ್ಮ ದೋಣಿಯೊಳಗ ಗಾಡಿ ದಾಟ್ಸಾಕ ಬರಂಗಿಲ್ರಿ’ ಎಂದರೆ ಅದು 38. ನೀವು ನಾಳೆಯೂ ಕೇಳುವುದಿಲ್ಲ, ನಾಡಿದ್ದೂ ಕೇಳುವುದಿಲ್ಲ. ‘ಸೈಕಲ್ಲಾದರ ದಾಟಿಸ್ತೀನ್ರಿ, ಈ ಬುಲೆಟ್ ಆಗಂಗಿಲ್ಲ’ ಎಂದರೆ 95. ನಾಳೆ ಸೈಕಲ್ ತಂದರೆ ಮತ್ತೆ ಕೇಳಬಹುದು. ಬುಲೆಟ್ ನೋಡಿ ಅಂಬಿಗ ಮೊದಲನೆಯ ಉತ್ತರ ಕೊಟ್ಟುಬಿಟ್ಟರೆ ಸೈಕಲ್ಲಿನವರಿಗೂ ದೋಣಿ ತಪ್ಪಿತು.

ಒಮ್ಮೆ ಹೇಳಿದರೆ ಮತ್ತೆ ಕೇಳುವುದಿಲ್ಲ

ಇದು ಬರೀ ಹೋಲಿಕೆಯಲ್ಲ. ಲಿನಕ್ಸಿನಲ್ಲಿ ‘ಫ್ಯೂಸ್’ ಎಂಬ ಏರ್ಪಾಡಿದೆ. 2005ರಲ್ಲಿ ಲಿನಕ್ಸ್ 2.6.14ರ ಜೊತೆ ಸೇರಿಕೊಂಡಿತು. ಕರ್ನೆಲ್ಲಿನ ಒಳಗೆ ಕೈ ಹಾಕದೆ ಯಾರು ಬೇಕಾದರೂ ತಮ್ಮದೇ ಕಡತ ವ್ಯವಸ್ಥೆ ಬರೆದುಕೊಳ್ಳಲು ಇದು ದಾರಿ ಮಾಡಿಕೊಟ್ಟಿತು. ವಿಂಡೋಸ್ ಬಗೆಯ ಎನ್‌ಟಿಎಫ್‌ಎಸ್ ಡಿಸ್ಕುಗಳನ್ನು ಲಿನಕ್ಸಿನಲ್ಲಿ ಬಹಳ ವರ್ಷ ತೆರೆಯುತ್ತಿದ್ದದ್ದು ಈ ದಾರಿಯಿಂದಲೇ. ಕಾಲೇಜು ಹುಡುಗರು ರಜೆಯಲ್ಲಿ ಕೂತು ಒಂದು ಸಣ್ಣ ಕಡತ ವ್ಯವಸ್ಥೆ ಬರೆಯಬಹುದಾದಷ್ಟು ಸಲೀಸು.

ಸಲೀಸಿನ ಒಳಗೇ ತೊಡಕೂ ಇದೆ. ಕಡತ ವ್ಯವಸ್ಥೆಗೆ ಬರಬಹುದಾದ ಅರ್ಜಿಗಳು ಹಲವು ಡಜನ್. ಹುಡುಗರು ಹತ್ತು ಹನ್ನೆರಡಕ್ಕೆ ಮಾತ್ರ ಉತ್ತರ ಬರೆದಿರುತ್ತಾರೆ. ಮಿಕ್ಕವಕ್ಕೆ ತಾನಾಗಿ 38 ಹೋಗುತ್ತದೆ. ಕರ್ನೆಲ್ ಜಾಣ. ಹಲವು ಬಗೆಯ ಅರ್ಜಿಗಳಿಗೆ ಒಂದು ಸಲ 38 ಬಂತೆಂದರೆ ‘ಇವನಿಗೆ ಈ ಕೆಲಸ ಬಾರದು’ ಎಂದು ಗುರುತು ಹಾಕಿಕೊಂಡು, ಆ ಡಿಸ್ಕು ಜೋಡಣೆಯಲ್ಲಿರುವ ತನಕ ಮತ್ತೆ ಕೇಳಲು ಹೋಗುವುದಿಲ್ಲ. ಓಡಾಟ ಉಳಿಯುತ್ತದೆ, ವೇಗ ಹೆಚ್ಚುತ್ತದೆ. ಆದರೆ ಯಾವುದೋ ಒಂದು ಕಡತದ ಮೇಲೆ ಮಾತ್ರ ಆಗದ ಕೆಲಸಕ್ಕೆ 95ರ ಬದಲು ಅಪ್ಪಿತಪ್ಪಿ 38 ಹೇಳಿದರೋ, ಎಲ್ಲ ಕಡತಗಳಿಗೂ ಆ ಬಾಗಿಲು ಮುಚ್ಚಿತು. ನ್ಯಾಯಬೆಲೆ ಅಂಗಡಿಯವನು ಇವತ್ತು ದಾಸ್ತಾನಿಲ್ಲ ಎನ್ನುವ ಬದಲು ‘ನಮ್ಮಲ್ಲಿ ಸಕ್ಕರೆ ಕೊಡೋದೇ ಇಲ್ಲ’ ಎಂದಂತೆ. ಆ ಊರಿನವರು ಆಮೇಲೆ ಚೀಲ ಹಿಡಿದು ಬರುವುದೇ ಇಲ್ಲ.

ಇನ್ನೂ ದೊಡ್ಡ ವಿಷಯ ಮುಂದಿದೆ. 38 ಬಂದಾಗ ಕರ್ನೆಲ್ ಅರ್ಜಿದಾರನಿಗೆ ಏನು ಹೇಳುತ್ತದೆ? ಅದು ಅರ್ಜಿಯ ಮೇಲೆ ನಿಂತಿದೆ. ಕಡತಕ್ಕೆ ಮೊದಲೇ ಜಾಗ ಕಾದಿರಿಸು ಎಂಬ ಅರ್ಜಿಯಾದರೆ 38ನ್ನು 95ಕ್ಕೆ ತಿದ್ದಿ ‘ಇಲ್ಲಿ ಆಗದು’ ಎಂದು ಮೇಲಕ್ಕೆ ಕಳಿಸುತ್ತದೆ. ಅದು ಸರಿಯಾದ ತಿದ್ದುಪಡಿ. ಏಕೆಂದರೆ ಬಳಕೆಯ ತಂತ್ರಾಂಶದ ಮಟ್ಟಿಗೆ 38 ಎಂದರೆ ಕರ್ನೆಲ್ಲಿಗೇ ಈ ಅರ್ಜಿಯ ನಮೂನೆ ಗೊತ್ತಿಲ್ಲ ಎಂದಾಗುತ್ತದೆ. ಆದರೆ ನಮ್ಮ ‘ಎಫ್‌ಸಿಂಕ್’ ಅರ್ಜಿ, ಆ ಮುಟ್ಟಿದ ರಸೀದಿ? ಫ್ಯೂಸ್ ಕಡತ ವ್ಯವಸ್ಥೆ ‘ನನಗೆ ಎಫ್‌ಸಿಂಕ್ ಬಾರದು’ ಎಂದರೆ ಕರ್ನೆಲ್ ಅದನ್ನು ‘ಆಯಿತು’ ಎಂದು ಮೇಲಕ್ಕೆ ದಾಟಿಸುತ್ತದೆ. ಅಷ್ಟೇ ಅಲ್ಲ, ಅಲ್ಲಿಂದ ಮುಂದಿನ ಎಲ್ಲ ಎಫ್‌ಸಿಂಕ್ ಅರ್ಜಿಗಳೂ ಕೆಳಗೆ ಹೋಗದೆಯೇ ‘ಆಯಿತು’ ಎಂಬ ಮುದ್ರೆ ಪಡೆಯುತ್ತವೆ.

ಇದು ಗುಟ್ಟೇನಲ್ಲ, ಫ್ಯೂಸಿನ ಕೈಪಿಡಿಯಲ್ಲೇ ಬರೆದಿದೆ. ಕಾರಣವೂ ಇದೆ. ಎಫ್‌ಸಿಂಕ್ ಕೇಳುವ ಹಳೆಯ ತಂತ್ರಾಂಶಗಳು ಎಷ್ಟೋ ಇವೆ. ಪ್ರತಿಯೊಂದಕ್ಕೂ ‘ಬಾರದು’ ಎಂದರೆ ಅವು ಬಾಯಿಬಡಿದುಕೊಂಡು ನಿಂತುಬಿಡುತ್ತವೆ, ಜನ ಫ್ಯೂಸನ್ನೇ ಬೈಯುತ್ತಾರೆ. ಡಿಸ್ಕೇ ಇಲ್ಲದ, ನೆನಪಿನಲ್ಲಷ್ಟೇ ಬದುಕುವ ಕಡತ ವ್ಯವಸ್ಥೆಗೆ ಈ ‘ಆಯಿತು’ ಸುಳ್ಳೂ ಅಲ್ಲ. ಆದರೆ ನಿಜವಾದ ಡಿಸ್ಕನ್ನೋ ದೂರದ ಸರ್ವರನ್ನೋ ನೋಡಿಕೊಳ್ಳುವವರು ಎಫ್‌ಸಿಂಕ್ ಬರೆಯಲು ಮರೆತರೆ, ಮೇಲಿನ ಲೆಕ್ಕಪತ್ರದ ತಂತ್ರಾಂಶ ಖೊಟ್ಟಿ ರಸೀದಿಯನ್ನು ನಂಬಿ ಮುಂದೆ ಹೋಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ಕಡೆ ಗದ್ದಲವೇ ಮೇಲು.

ತಪ್ಪು ಕಚೇರಿಗೆ ಕಳಿಸುವ ಉತ್ತರ

ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋದವರಿಗೆ ಗೊತ್ತು: ಶಿವನ ಗುಡಿಯಾದರೂ ಎದುರಿಗೆ ನಂದಿ ಇಲ್ಲ. ಕೇಳಿದರೆ ‘ನಂದಿ ಯಡೂರಾಗ ಐತ್ರಿ’ ಎನ್ನುತ್ತಾರೆ ಈ ಭಾಗದ ಜನ. ಯಡೂರು ಚಿಕ್ಕೋಡಿ ತಾಲ್ಲೂಕಿನಲ್ಲಿ, ಈಚೆಯ ರಾಜ್ಯದಲ್ಲಿ. ಒಂದು ಕಡೆ ಬರೀ ಗುರುತು, ವಸ್ತು ಇನ್ನೊಂದು ಕಡೆ. ಗಣಕದಲ್ಲೂ ಇಂಥ ‘ಅಲ್ಲಿ ನೋಡು’ ಕಡತಗಳಿವೆ. ಸಿಂಬಾಲಿಕ್ ಲಿಂಕ್ ಎನ್ನುತ್ತಾರೆ.

ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ‘ಫ್ಯಾಟ್’ ಎಂಬ ಹಳೆಯ ಕಡತ ವ್ಯವಸ್ಥೆಗೆ ಈ ವಿದ್ಯೆ ಗೊತ್ತಿಲ್ಲ. ಲಿನಕ್ಸಿನಲ್ಲಿ ಅದರ ಮೇಲೊಂದು ಲಿಂಕ್ ಮಾಡಲು ಹೋದರೆ ನ್ಯಾಯವಾಗಿ ‘ಆಗದು’ ಎನ್ನಬೇಕು. ಆದರೆ ಅದು ಹೇಳುವುದು ‘ಕೂಡದು’, ಅಂದರೆ ಸಂಖ್ಯೆ 1. ಹಿಂದಿನಿಂದ ಬಂದ ರೂಢಿ. ‘ಕೂಡದು’ ಎಂದರೆ ಮನುಷ್ಯ ಏನು ಮಾಡುತ್ತಾನೆ? ತನಗೆ ಅಧಿಕಾರ ಸಾಲದೆಂದು ತಿಳಿದು ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ ಮತ್ತೆ ಪ್ರಯತ್ನಿಸುತ್ತಾನೆ. ಮತ್ತೆ ‘ಕೂಡದು’. ಆಸ್ತಿಯ ಮಾಲೀಕನೇ ಬಂದರೂ ಪರವಾನಗಿ ಇಲ್ಲವೆನ್ನುವ ಕಚೇರಿಯ ಹಾಗೆ. ಪರವಾನಗಿಯ ಮಾತೇ ಅಲ್ಲ ಅದು. ಆ ಕಚೇರಿಯಲ್ಲಿ ಆ ಕೆಲಸವೇ ನಡೆಯುವುದಿಲ್ಲ.

ಇದೇ ಫ್ಯಾಟಿನ ಜೋಡಣೆಯಲ್ಲಿ ‘ಕ್ವೈಟ್’ ಎಂಬ ಒಂದು ಆಯ್ಕೆ ಇದೆ. ಕಡತದ ಒಡೆತನವನ್ನೋ ಹಕ್ಕನ್ನೋ ಬದಲಿಸಲು ಹೋದಾಗ, ಬದಲಾಗದಿದ್ದರೂ ದೂರು ಹೇಳದೆ ಸುಮ್ಮನಿರುವಂತೆ ಮಾಡುವುದು ಅದರ ಕೆಲಸ. ಕೈಪಿಡಿ ಬರೆದವರೇ ಪಕ್ಕದಲ್ಲಿ ‘ಎಚ್ಚರದಿಂದ ಬಳಸಿ’ ಎಂದು ಸೇರಿಸಿದ್ದಾರೆ. ಮನೆಯಲ್ಲಿ ಜಗಳ ಬೇಡವೆಂದು ‘ಹೂಂ’ ಎನ್ನುವ ಯಜಮಾನರನ್ನು ನೋಡಿದಾಗಲೆಲ್ಲ ನನಗೆ ಈ ಆಯ್ಕೆ ನೆನಪಾಗುತ್ತದೆ.

ಹಾಗೆ ನೋಡಿದರೆ ದೋಷ ಸಂಖ್ಯೆಗಳ ಚರಿತ್ರೆಯಲ್ಲಿ ಅತ್ಯಂತ ತಮಾಷೆಯದು 25. ಯುನಿಕ್ಸ್ ಬೆಳೆದ 1970ರ ದಶಕದಲ್ಲಿ ಗಣಕದ ಎದುರು ಕೂರುವುದೆಂದರೆ ಟೈಪ್‌ರೈಟರಿನಂಥ ಯಂತ್ರದ ಎದುರು ಕೂರುವುದು. ಆ ಯಂತ್ರಕ್ಕೆ ಮಾತ್ರ ಹೇಳಬಹುದಾದ ಆಜ್ಞೆಯನ್ನು ಬೇರೆಯದಕ್ಕೆ ಹೇಳಿದರೆ ‘ಇದು ಟೈಪ್‌ರೈಟರ್ ಅಲ್ಲ’ ಎಂಬ ಉತ್ತರ. ಅದು ಸರಿಯೇ. ಆದರೆ ತಂತ್ರಾಂಶಗಳು ಒಳಗೊಳಗೇ ‘ನಾನು ಮಾತಾಡುತ್ತಿರುವುದು ಟೈಪ್‌ರೈಟರಿಗೋ ಕಡತಕ್ಕೋ’ ಎಂದು ಪರೀಕ್ಷಿಸಿ ನೋಡುತ್ತಿದ್ದವು. ಆ ಪರೀಕ್ಷೆಯ 25 ಹಾಗೇ ಉಳಿದಿರುತ್ತಿತ್ತು. ಆಮೇಲೆ ಬೇರೇನೋ ಕೆಟ್ಟಾಗ ಹಳೆಯ 25ನ್ನೇ ಓದಿ ಹೇಳುತ್ತಿದ್ದವು. ವಿಳಾಸ ಸಿಗದೆ ಮಿಂಚಂಚೆ ಹಿಂದಿರುಗಿದರೆ ‘ಟೈಪ್‌ರೈಟರ್ ಅಲ್ಲ’ ಎಂಬ ಷರಾ! ನಿನ್ನೆಯ ಸಿಟ್ಟನ್ನು ಇವತ್ತಿನ ಅತಿಥಿಯ ಮೇಲೆ ತೀರಿಸಿದಂತೆ. ಲಿನಕ್ಸಿನಲ್ಲಿ ಈಗ ಆ ಸಂಖ್ಯೆಯ ವಾಕ್ಯ ಬದಲಾಗಿದೆ, ಸಂಖ್ಯೆ ಅದೇ ಇದೆ.

ಇನ್ನೊಂದು 524. ಲಿನಕ್ಸ್ ಕರ್ನೆಲ್ಲಿನ ಒಳಗೆ, ಜಾಲದ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ ಏರ್ಪಾಡಿಗಾಗಿ ಇಟ್ಟುಕೊಂಡಿದ್ದ ಮನೆಮಾತು ಇದು, ಅರ್ಥ 95ರದ್ದೇ. ಹೊರಗಿನವರ ಕಿವಿಗೆ ಬೀಳಬಾರದು. ಆದರೂ ಆಗಾಗ ಕೈತಪ್ಪಿ ಹೊರಬೀಳುತ್ತದೆ. ಬಳಕೆದಾರನಿಗೆ ಆಗ ಕಾಣುವುದು ‘ಅಜ್ಞಾತ ದೋಷ 524’. ಕರ್ನೆಲ್ಲಿಗೆ ಬರೆದ ಸಾಲುಗಳನ್ನು ತಪಾಸಣೆ ಮಾಡುವ ಸಣ್ಣ ತಂತ್ರಾಂಶವೊಂದಿದೆ. 524 ಕಂಡರೆ 95 ಬಳಸಿ ಎಂದು ತಾಕೀತು ಮಾಡುತ್ತದೆ, 38 ಕಂಡರೂ ಹುಬ್ಬೇರಿಸುತ್ತದೆ.

ಕೇಳುವವನ ಹೊಣೆ

ಹೇಳುವವನು ಸರಿಯಾಗಿ ಹೇಳಿದರೂ ಕೇಳುವವನು ಅರಿಯಬೇಕಲ್ಲ. ‘ಆಗದು’ ಎಂದಾಗ ಬೇರೆ ದಾರಿ ಹುಡುಕಬಹುದೇ, ಅಲ್ಲೇ ನಿಲ್ಲಬೇಕೇ?

ಸುಲಭದ ಉದಾಹರಣೆ 18. ಕಡತವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸುವುದೆಂದರೆ ನಿಜಕ್ಕೂ ದಫ್ತರಿನಲ್ಲಿ ಹೆಸರು ಬದಲಿಸುವುದಷ್ಟೇ, ಗಳಿಗೆಯ ಕೆಲಸ. ಆದರೆ ಒಂದು ಡಿಸ್ಕಿನಿಂದ ಇನ್ನೊಂದಕ್ಕಾದರೆ ದಫ್ತರುಗಳೇ ಬೇರೆ. ಆಗ 18 ಬರುತ್ತದೆ: ಗಡಿ ದಾಟುತ್ತಿದ್ದೀರಿ. ‘ಎಂವಿ’ ಎಂಬ ಆಜ್ಞೆ ಇದನ್ನು ಕೇಳಿ ಗಾಬರಿಯಾಗುವುದಿಲ್ಲ. ಆಚೆ ಪ್ರತಿ ಮಾಡಿ, ಆಮೇಲೆ ಈಚೆಯದನ್ನು ಅಳಿಸುತ್ತದೆ. ಬಳಸುವವನಿಗೆ ವ್ಯತ್ಯಾಸವೇ ತಿಳಿಯದು. ಆದರೆ ಅರ್ಧ ದಾರಿಯಲ್ಲಿ ಕರೆಂಟ್ ಹೋದರೆ? ಮೊದಲಿನ ಬಗೆಯಲ್ಲಿ ಕಡತ ಇಲ್ಲವೇ ಅಲ್ಲಿ, ಇಲ್ಲವೇ ಇಲ್ಲಿ. ಎರಡನೆಯ ಬಗೆಯಲ್ಲಿ ಆಚೆ ಅರ್ಧಮರ್ಧ ಪ್ರತಿಯೊಂದು ಬಿದ್ದಿರಬಹುದು. ಸುತ್ತು ದಾರಿ ಎಂದಿಗೂ ನೇರ ದಾರಿಯಷ್ಟೇ ಅಲ್ಲ.

ಜಾಗ ಕಾದಿರಿಸುವ ಅರ್ಜಿಯ ಪಾಡೂ ಹೀಗೆಯೇ. ಕಡತ ವ್ಯವಸ್ಥೆ 95 ಎಂದರೆ ಲಿನಕ್ಸಿನ ಸಿ ಗ್ರಂಥಾಲಯ ತಾನೇ ಉಪಾಯ ಮಾಡಿ ಆ ಜಾಗದ ಪ್ರತಿ ತುಣುಕಿಗೂ ಒಂದೊಂದು ಬೈಟ್ ಬರೆದು ತುಂಬಿಸುತ್ತದೆ. ಕೆಲಸ ನಡೆಯುತ್ತದೆ, ನಿಧಾನವಾಗಿ. ಅದೇ ಹೊತ್ತಿಗೆ ಇನ್ನೊಬ್ಬರು ಅದೇ ಕಡತದಲ್ಲಿ ಬರೆಯುತ್ತಿದ್ದರೆ ಅವರ ಬರಹಕ್ಕೆ ಸಂಚಕಾರ. ಪರೋಪಕಾರ ಮಾಡುವಾಗಲೂ ಮೊದಲು ಕೇಳಬೇಕು ಎನ್ನುವ ಜಾತಿ ಇದು.

11ನೇ ಸಂಖ್ಯೆಯ ಅರ್ಥ ‘ಮತ್ತೆ ಪ್ರಯತ್ನಿಸಿ’. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಓದುಗರಿಗೆ ನೆನಪಿರಬಹುದು. ರಾತ್ರಿ ಬಂದ ದೆವ್ವ ಅದನ್ನೋದಿ ಹಿಂದಿರುಗುತ್ತಿತ್ತಂತೆ. ಮರುದಿನವೂ ಅದೇ ಬರಹ. ‘ಬಾರದು’ ಎನ್ನಬೇಕಾದ ಕಡೆ ಯಾವನೋ 11 ಹೇಳಿದರೆ ಕೇಳುವ ತಂತ್ರಾಂಶ ಥೇಟ್ ಆ ದೆವ್ವ. ಜೀವಮಾನವಿಡೀ ಬಾಗಿಲಿಗೆ ಬಂದು ಹೋಗುತ್ತಿರುತ್ತದೆ, ಪ್ರೊಸೆಸರ್ ಸುಮ್ಮನೆ ಬಿಸಿಯಾಗುತ್ತದೆ.

ಇವೆಲ್ಲದರ ನಡುವೆ ನನಗೆ ಬಹಳ ಹಿಡಿಸಿದ್ದು ಬೆಂಗಳೂರಿನ ಕೈವಾಡವಿರುವ ಒಂದು ರೀತಿ. ‘ಗ್ಲಸ್ಟರ್’ ಎಂಬ ಕಡತ ವ್ಯವಸ್ಥೆಯ ದೊಡ್ಡ ಭಾಗವನ್ನು ಕಟ್ಟಿದವರು ಬೆಂಗಳೂರಿನಲ್ಲಿ ಕೂತ ಇಂಜಿನಿಯರುಗಳು. ಹತ್ತಾರು ಕಂಪ್ಯೂಟರುಗಳ ಡಿಸ್ಕುಗಳನ್ನು ಹೊಲಿದು ಒಂದೇ ದೊಡ್ಡ ಡಿಸ್ಕಿನಂತೆ ತೋರಿಸುವ ತಂತ್ರಾಂಶ ಅದು. 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಆ ಸಂಸ್ಥೆಯನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಗ್ಲಸ್ಟರ್ ತನ್ನ ಲೆಕ್ಕಗಳನ್ನು ಕಡತಗಳ ಬೆನ್ನಿಗೆ ಅಂಟಿಸುವ ಚೀಟಿಗಳಲ್ಲಿ ಇಟ್ಟುಕೊಳ್ಳುತ್ತದೆ. ಕೆಳಗಿನ ಡಿಸ್ಕಿಗೆ ಚೀಟಿ ಅಂಟಿಸುವ ವಿದ್ಯೆ ಬಾರದಿದ್ದರೆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಅದು ‘ಟೆಸ್ಟ್’ ಎಂಬ ಹೆಸರಿನ ಚೀಟಿಯೊಂದನ್ನು ಅಂಟಿಸಿ ನೋಡುತ್ತದೆ. ಅದರ ಮೇಲೆ ಬರೆದಿರುವುದು ಒಂದೇ ಮಾತು: ‘ವರ್ಕಿಂಗ್’. ಅಂಟಿದರೆ ಕಿತ್ತು ಬಿಸಾಡಿ ಮುಂದುವರಿಯುತ್ತದೆ. ಅಂಟದಿದ್ದರೆ ‘ಇಲ್ಲಿ ಚೀಟಿ ನಡೆಯುವುದಿಲ್ಲ’ ಎಂದು ದಾಖಲಿಸಿ ಕೆಲಸ ನಿಲ್ಲಿಸುತ್ತದೆ. ಅನ್ನದ ಒಂದು ಅಗುಳು ಹಿಚುಕಿ ನೋಡುವ ನಮ್ಮ ತಾಯಂದಿರ ಕ್ರಮವೇ ಇದು. ಕುದಿಯುವ ಪಾತ್ರೆಯ ಮಾತನ್ನು ಅವರು ನಂಬುವುದಿಲ್ಲ.

ಹಾಗೆ ನಂಬಿ ಕೆಟ್ಟವರೂ ಇದ್ದಾರೆ, ಅದೂ ಸಾಮಾನ್ಯರಲ್ಲ. ಜಗತ್ತಿನ ಅಸಂಖ್ಯ ಕಚೇರಿಗಳ ದಾಖಲೆ ಇಡುವ ಪೋಸ್ಟ್‌ಗ್ರೆಸ್ ತಂತ್ರಾಂಶ ಎಫ್‌ಸಿಂಕಿಗೆ ದೋಷ ಬಂದರೆ ಮತ್ತೊಮ್ಮೆ ಕೇಳುತ್ತಿತ್ತು. ಎರಡನೆಯ ಸಲ ‘ಆಯಿತು’ ಎಂದರೆ ನೆಮ್ಮದಿ. 2018ರಲ್ಲಿ ತಿಳಿದುಬಂದದ್ದೇನೆಂದರೆ, ಲಿನಕ್ಸ್ ಮೊದಲ ಸಲ ದೋಷ ಹೇಳಿದ ಮೇಲೆ ಆ ಮಾಹಿತಿಯನ್ನು ಬರೆದು ಮುಗಿದದ್ದೆಂದೇ ಗುರುತು ಹಾಕಿಬಿಡುತ್ತಿತ್ತು. ಎರಡನೆಯ ‘ಆಯಿತು’ ಎಂದರೆ ಬರೆಯುವುದಕ್ಕೆ ಏನೂ ಉಳಿದಿಲ್ಲ ಎಂದಷ್ಟೇ ಅರ್ಥ. ಸುಮಾರು 20 ವರ್ಷ ಯಾರ ಗಮನಕ್ಕೂ ಬರದ ತಪ್ಪು ತಿಳುವಳಿಕೆ. 2019ರ ಫೆಬ್ರುವರಿಯಲ್ಲಿ ಪೋಸ್ಟ್‌ಗ್ರೆಸ್ ತನ್ನ ರೀತಿ ಬದಲಿಸಿತು. ಈಗ ಎಫ್‌ಸಿಂಕ್ ತಪ್ಪಿದರೆ ಮತ್ತೆ ಕೇಳುವುದಿಲ್ಲ. ಅಂಗಡಿ ಮುಚ್ಚಿ, ತನ್ನದೇ ದಿನಚರಿ ಪುಸ್ತಕದಿಂದ ಲೆಕ್ಕ ಮತ್ತೆ ಕಟ್ಟಿಕೊಳ್ಳುತ್ತದೆ.

‘ಭೂಮಿ’ ಯೋಜನೆ 2000ದ ಆಚೀಚೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ನಮ್ಮ ಹೊಲಮನೆಗಳ ಹಕ್ಕು ಕೂಡ ಇಂಥ ‘ಆಯಿತು’ಗಳ ಮೇಲೆಯೇ ಕೂತಿದೆ. ರೈತನಿಗೆ ಎಫ್‌ಸಿಂಕ್ ಗೊತ್ತಿರಬೇಕಿಲ್ಲ. ತಂತ್ರಾಂಶ ಬರೆದವನಿಗೆ ಗೊತ್ತಿರಬೇಕು.

ಕೃಷ್ಣೆಗೆ 18 ಬೈಟ್

ಕನ್ನಡಿಗರಿಗೇ ಮೀಸಲಾದ ಒಂದೆರಡು ‘ಇಲ್ಲ’ಗಳೂ ಉಂಟು. ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಹೆಸರಿನ ಉದ್ದ 255 ಬೈಟ್ ಮೀರಬಾರದು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಚಿಹ್ನೆಗೆ ಮೂರು; ಒತ್ತು, ಕಾಗುಣಿತಕ್ಕೆಲ್ಲ ಬೇರೆ ಬೇರೆ ತೆರಿಗೆ. ‘ಜುಗೂಳ’ ಎಂದರೆ ಮೂರಕ್ಷರ, 15 ಬೈಟ್. ‘ಕೃಷ್ಣಾ’ ಎಂದರೆ ಎರಡೇ ಅಕ್ಷರ, 18 ಬೈಟ್. ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್‌ಗಳು ಬೇರೆ ಅಳತೆಯಲ್ಲಿ ಎಣಿಸುವುದರಿಂದ ಅಲ್ಲಿ 255 ಚಿಹ್ನೆಗಳು ಹಿಡಿಸುತ್ತವೆ, ಇಲ್ಲಿ 85. ಮದುವೆ ಕರೆಯೋಲೆಯ ಒಕ್ಕಣೆಯನ್ನೇ ಕಡತದ ಹೆಸರಾಗಿ ಕೊಡುವ ನಮ್ಮ ಜನ ವಿಂಡೋಸಿನಿಂದ ಲಿನಕ್ಸಿಗೆ ಪ್ರತಿ ಮಾಡುವಾಗ ಸಂಖ್ಯೆ 36ಕ್ಕೆ ಡಿಕ್ಕಿ ಹೊಡೆಯುವುದು ಹೀಗೆ: ಹೆಸರು ಉದ್ದವಾಯಿತು.

ಇನ್ನೊಂದು ಕಣ್ಣಿಗೆ ಕಾಣದ್ದು. ಹಳೆಯ ಮ್ಯಾಕ್ ಗಣಕಗಳ ಕಡತ ವ್ಯವಸ್ಥೆ ಕೆಲವು ಕಾಗುಣಿತಗಳನ್ನು ಬಿಡಿಸಿ ಇಡುತ್ತಿತ್ತು. ‘ಅಥಣಿ’, ‘ಕಾಗವಾಡ’, ‘ನಿಪ್ಪಾಣಿ’, ‘ಜುಗೂಳ’ ಎಂಬ ಹೆಸರುಗಳಿಗೆ ಏನೂ ಆಗುವುದಿಲ್ಲ. ‘ಚಿಕ್ಕೋಡಿ’ಯ ‘ಕೋ’ ಮಾತ್ರ ಒಡೆದು, ಒಂದು ಸ್ವರಚಿಹ್ನೆಯ ಜಾಗದಲ್ಲಿ ಮೂರು ತುಣುಕು. 24 ಬೈಟಿನ ಊರು 30 ಬೈಟಿನದಾಗುತ್ತಿತ್ತು. ಆ ಕಡತವನ್ನು ಲಿನಕ್ಸಿಗೆ ತಂದು ‘ಚಿಕ್ಕೋಡಿ’ ಎಂದು ಟೈಪ್ ಮಾಡಿ ಹುಡುಕಿದರೆ ಉತ್ತರ 2: ಅಂಥದ್ದು ಇಲ್ಲ. ಪರದೆಯ ಮೇಲೆ ಕಣ್ಣೆದುರಿಗೇ ಇರುತ್ತದೆ!

2021ರ ಜುಲೈ. ಕೃಷ್ಣೆ ಮತ್ತೆ ಏರಿದಳು. ಜುಗೂಳದ ಮನೆಯಲ್ಲಿ ಮತ್ತೆ ಅದೇ ಟ್ರಂಕು, ಅದೇ ಟ್ರ್ಯಾಕ್ಟರು. ಹುಡುಗನ ಓದು ಮುಗಿದಿತ್ತು. ಈ ಸಲ ಲ್ಯಾಪ್‌ಟಾಪ್ ಇತ್ತು. ಆದರೂ ಉಳಿದಿದ್ದ ನಾಲ್ಕಾರು ಫೋಟೋಗಳನ್ನು ಪೆನ್ ಡ್ರೈವಿಗೂ ಹಾಕಿದ. ಹಸಿರು ಪಟ್ಟಿ ಓಡಿ ಮಾಯವಾಯಿತು. ಕಿತ್ತುಕೊಳ್ಳಲಿಲ್ಲ. ಕಪ್ಪು ಪರದೆ ತೆರೆದು ‘ಸಿಂಕ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಆಜ್ಞೆ ಕೊಟ್ಟು ಕೈಕಟ್ಟಿ ಕೂತ. ಜೇಬಿನಲ್ಲಿದ್ದದ್ದೆಲ್ಲ ಡಿಸ್ಕಿಗೆ ಇಳಿಯುವ ತನಕ ಆ ಆಜ್ಞೆ ಬಾಯಿ ಬಿಡುವುದಿಲ್ಲ. ಹೊರಗೆ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಆಯಿ ಎರಡು ಸಲ ಕೇಳಿದರು: ‘ಆತೇನೋ?’

‘ಇನ್ನೂ ಇಲ್ಲ, ಆಯಿ’ ಎಂದ ಹುಡುಗ. ಪೆನ್ ಡ್ರೈವಿನ ಸಣ್ಣ ದೀಪ ಮಿಣುಕುತ್ತಲೇ ಇತ್ತು.